ಮಣ್ಣಿನ ಗೋಡೆ, ಗಾಜಿನ ಎಳೆ



ಕೊಪ್ಪದಿಂದ ಜಯಪುರದ ಕಡೆಗೋ, ಶೃಂಗೇರಿಯಿಂದ ಕಿಗ್ಗದ ಕಡೆಗೋ, ನರಸಿಂಹರಾಜಪುರದಿಂದ ಬಾಳೆಹೊನ್ನೂರಿನ ಕಡೆಗೋ ಒಳದಾರಿ ಹಿಡಿದು ಹೋದರೆ ಬೀಗ ಹಾಕಿದ ಮನೆಗಳು ಸಿಗುತ್ತವೆ. ಜಗಲಿಯ ಮೇಲೆ ತರಗೆಲೆ, ಅಂಗಳದಲ್ಲಿ ಮೊಣಕಾಲುದ್ದ ಹುಲ್ಲು. ಅಡಿಕೆಗೆ ಹಳದಿ ಎಲೆ ರೋಗ ಬಂದು ತೋಟ ಸೊರಗಿತು, ಅದರ ಮೇಲೆ ಎಲೆಚುಕ್ಕೆ ರೋಗವೂ ಬಂತು. ಮಕ್ಕಳು ಬೆಂಗಳೂರು ಸೇರಿದರು. ಉಳಿದ ಇಬ್ಬರು ವೃದ್ಧರನ್ನೂ ಒಂದು ದಿನ ಮಕ್ಕಳೇ ಬಂದು ಕರೆದುಕೊಂಡು ಹೋದರು.

ಮಣ್ಣಿನ ಗೋಡೆಯ ಮನೆಗೆ ಬೀಗ ಬಿದ್ದರೆ ಅದರ ಆಯಸ್ಸು ಇಳಿಯತೊಡಗಿತು ಎಂದೇ ಲೆಕ್ಕ. ಮಂಗ ಹಾರಿ ಒಂದು ಹೆಂಚು ಜಾರಿರುತ್ತದೆ. ಮನೆಯಲ್ಲಿ ಜನ ಇದ್ದರೆ ಅವತ್ತೇ ಏಣಿ ಹಾಕಿ ಸರಿಮಾಡುತ್ತಾರೆ. ಯಾರೂ ಇಲ್ಲದಿದ್ದರೆ ಅಲ್ಲಿಂದ ಇಳಿದ ನೀರು ಗೋಡೆಯ ತಲೆಯ ಮೇಲೆ ಕೂರುತ್ತದೆ. ಒಲೆಯ ಹೊಗೆ ನಿಂತ ಮೇಲೆ ಗೆದ್ದಲು ಪಕಾಸಿಗೆ ಏರುತ್ತದೆ. ಕೆಲವೇ ಮಳೆಗಾಲ ಕಳೆಯುವುದರೊಳಗೆ, ಮೂರು ತಲೆಮಾರು ಬಾಳಿದ ಗೋಡೆ ಮಣ್ಣಿಗೆ ಮಣ್ಣಾಗಿ ಕೂರುತ್ತದೆ. ಮಳೆ ಬೀಳಿಸಿತು ಎನ್ನುತ್ತೇವೆ. ಅಷ್ಟೇ ಮಳೆಯಲ್ಲಿ, ಜನ ಇರುವ ಪಕ್ಕದ ಮನೆ ನಿಂತೇ ಇರುತ್ತದೆ.

ಮಣ್ಣಿನ ಮನೆ ಉಳಿಯಬೇಕಾದರೆ ಒಳಗೆ ಜನ ಬೇಕು. ದುಡಿಯುವ ವಯಸ್ಸಿನವರು ಊರಲ್ಲಿ ನಿಲ್ಲಬೇಕಾದರೆ ಈಗ ಇಂಟರ್ನೆಟ್ ಬೇಕು. 2020ರ ಲಾಕ್‌ಡೌನ್‌ನಲ್ಲಿ ಇದು ಎಲ್ಲರಿಗೂ ಗೊತ್ತಾಯಿತು. ಬೆಂಗಳೂರಿನಿಂದ ಬಂದ ಹುಡುಗರು ಲ್ಯಾಪ್‌ಟಾಪ್ ಹಿಡಿದು ಗುಡ್ಡದ ನೆತ್ತಿಗೆ ಹೋಗಿ ಕೂತರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಸಮೀಪದ ಬಳ್ಳಕದಿಂದ ಒಂದು ಚಿತ್ರ ಬಂದಿತ್ತು, ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿ ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ಅಂಥ ಅಪ್ಪಂದಿರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ನಮ್ಮ ಮೂರು ತಾಲ್ಲೂಕಿನಲ್ಲೂ ಇದ್ದರು. ಆದ್ದರಿಂದ ಮನೆಯನ್ನು ಯಾವುದರಿಂದ ಕಟ್ಟಬೇಕು, ಇಂಟರ್ನೆಟ್ ಯಾವುದನ್ನು ಹಾಕಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಇವತ್ತು ಒಟ್ಟಿಗೇ ಇಟ್ಟುಕೊಂಡು ಮಾತಾಡುತ್ತೇನೆ.

ಮೊದಲು ಗೋಡೆ. ನಮ್ಮ ಮೂರು ತಾಲ್ಲೂಕು ಒಂದೇ ಮಲೆನಾಡು ಎನಿಸಿದರೂ ಮಳೆಯ ಲೆಕ್ಕದಲ್ಲಿ ಒಂದಲ್ಲ. ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಕೆರೆಕಟ್ಟೆಯ ಘಟ್ಟದಂಚಿಗೆ ಹೋದಷ್ಟೂ ಇನ್ನೂ ಹೆಚ್ಚು. ಪೂರ್ವಕ್ಕೆ ಸರಿದು ಭದ್ರಾ ಹಿನ್ನೀರಿನ ನರಸಿಂಹರಾಜಪುರಕ್ಕೆ ಬಂದರೆ ಮಳೆ ಬಹಳಷ್ಟು ಇಳಿದಿರುತ್ತದೆ. ಹಾಗಾಗಿ ಒಬ್ಬರ ಮನೆ ನೋಡಿ ಇನ್ನೊಬ್ಬರು ಹಾಗೆಯೇ ಕಟ್ಟಿಸುವಂತಿಲ್ಲ. ಬೆಂಗಳೂರಿನಲ್ಲಿ ಚೆನ್ನಾಗಿ ಕಾಣುವ, ಸೂರು ಮುಂದೆ ಚಾಚದ ಬೋಳು ಮಣ್ಣಿನ ಗೋಡೆಯನ್ನು ಶೃಂಗೇರಿಗೆ ತಂದು ನಿಲ್ಲಿಸಿದರೆ ಪುನರ್ವಸು, ಪುಷ್ಯ ಮಳೆಯ ಇರಚಲು ಅದನ್ನು ತೊಳೆದುಹಾಕುತ್ತದೆ.

ನಮ್ಮ ಹಿರಿಯರು ಕಟ್ಟಿದ ರೀತಿಯನ್ನು ಹತ್ತಿರ ಹೋಗಿ ನೋಡಿ. ಪಂಚಾಂಗ ಕಲ್ಲಿನದು, ನೆಲದಿಂದ ಎರಡಡಿಯಾದರೂ ಮೇಲೆ. ಅದರ ಮೇಲೆ ಮಣ್ಣು ಕಲಸಿ, ಕಾಲಲ್ಲಿ ತುಳಿದು, ವರಸೆ ವರಸೆಯಾಗಿ ಇಟ್ಟ ಗೋಡೆ; ಒಂದು ವರಸೆ ಒಣಗಿದ ಮೇಲೆಯೇ ಇನ್ನೊಂದು. ಮೇಲೆ ಸೋಗೆ, ಆಮೇಲೆ ನಾಡಹೆಂಚು, ಆಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಆ ಹೆಂಚು ಘಟ್ಟ ಹತ್ತಿ ಬಂತು. ಸೂರು ಗೋಡೆಯಿಂದ ಮೂರು, ನಾಲ್ಕಡಿ ಮುಂದಕ್ಕೆ ಚಾಚಿರುತ್ತಿತ್ತು. ಅದೂ ಸಾಲದೆಂದು ಮಳೆಗಾಲಕ್ಕೆ ಮೊದಲು ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಇಷ್ಟೆಲ್ಲ ಸೇರಿದಾಗ ಮಾತ್ರ ಮಣ್ಣಿನ ಗೋಡೆ ನಿಲ್ಲುತ್ತದೆ. ಹೊಸದಾಗಿ ಕಟ್ಟುವವರು ಗೋಡೆಗೆ ಮಣ್ಣನ್ನು ಒಪ್ಪಿ ಸೂರಿನಲ್ಲಿ ಉಳಿತಾಯ ಮಾಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸೂರಿನಲ್ಲಿ ಉಳಿಸಿದ ದುಡ್ಡು ಗೋಡೆಯ ಬುಡದಲ್ಲಿ ಹೋಗುತ್ತದೆ. ಸೂರಿನ ಹನಿ ಅಂಗಳಕ್ಕೆ ಬಿದ್ದು ಸಿಡಿದ ಕೆಸರು ಎಷ್ಟು ಎತ್ತರಕ್ಕೆ ಮೆತ್ತಿಕೊಂಡಿದೆ ಎಂದು ಒಂದು ಹಳೇ ಮನೆಯ ಬುಡ ನೋಡಿ. ಆ ಕೆಂಪು ಗುರುತಿಗಿಂತ ಮೇಲಕ್ಕೆ ಕಲ್ಲು ಬರಬೇಕು.

ಮಣ್ಣಿನ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮೇಲಿನ ಬೇರು, ಗೊಬ್ಬರದ ಮಣ್ಣು ತೆಗೆದು ಎರಡಡಿ ಕೆಳಗಿನದನ್ನು ತನ್ನಿ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಡೀ ದಿನ ಅಲ್ಲಾಡಿಸದೆ ಇಡಿ. ಮೊದಲು ಮರಳು ತಳಕ್ಕೆ ಕೂರುತ್ತದೆ, ಅದರ ಮೇಲೆ ನುಣುಪಾದ ಗೋಡುಮಣ್ಣು, ಕೊನೆಗೆ ಜೇಡಿ. ಮೂರು ಪಟ್ಟಿ ಗಾಜಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಜೇಡಿ ಹೆಚ್ಚಿದ್ದರೆ ಗೋಡೆ ಒಣಗುವಾಗ ಬಿರಿಯುತ್ತದೆ. ಮರಳೋ ಕ್ವಾರಿ ಪುಡಿಯೋ ಸೇರಿಸಬೇಕು. ತೀರಾ ಕಡಿಮೆಯಿದ್ದರೆ ಅಂಟು ಸಾಲದು. ಇಂಜಿನಿಯರ್ ಕರೆಸುವ ಮೊದಲೇ ಈ ಬಾಟಲಿ ಜಗಲಿಯ ಮೇಲೆ ಇರಲಿ.

ಹೀಗೆ ಪರೀಕ್ಷಿಸಿದ ಮಣ್ಣಿನಲ್ಲಿ ಇಟ್ಟಿಗೆಯನ್ನೂ ಮಾಡಬಹುದು, ಆ ಮಾತನ್ನು ಒಲೆಯಿಂದ ಶುರುಮಾಡುತ್ತೇನೆ. ಅಸ್ತ್ರ ಒಲೆಯ ಹೆಸರು ಮಲೆನಾಡಿನಲ್ಲಿ ಕೇಳದವರಿಲ್ಲ. ಕಡಿಮೆ ಸೌದೆ ತಿಂದು ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಒಲೆ. ಅದು ಬಂದದ್ದು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ಶುರುಮಾಡಿದ ಅಸ್ತ್ರ ಎಂಬ ಕೇಂದ್ರದಿಂದ. ಅದೇ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ಶೇಕಡಾ 7, 8ರಷ್ಟು ಸಿಮೆಂಟು ಬೆರೆಸಿ, ಹದವಾದ ತೇವದಲ್ಲಿ ಕೈಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆ ಅದು. ಸುಡುವುದಿಲ್ಲ, ಹಾಗಾಗಿ ಸೌದೆ ಬೇಡ. ಅಳತೆ 230, 190, 100 ಮಿಲಿಮೀಟರು. ಐದಾರು ಜನ ಸೇರಿದರೆ ನಿವೇಶನದಲ್ಲೇ, ಪಾಯ ಅಗೆದ ಮಣ್ಣಿನಲ್ಲೇ ಮಾಡಬಹುದು. ಮೂರು ವಾರ ನೀರು ಚಿಮುಕಿಸಿ ನೆರಳಲ್ಲಿ ಹದಗೊಳಿಸಬೇಕು. ಇದರಲ್ಲಿ ಮೈಗಳ್ಳತನ ಮಾಡಿದರೆ ಇಟ್ಟಿಗೆ ಮೂಲೆ ಒಡೆಯುತ್ತದೆ. ಬ್ಯಾಂಕಿನವರು ಮಣ್ಣಿನ ಮನೆ ಎಂದರೆ ಸಾಲ ಕೊಡಲು ಹಿಂದೆಮುಂದೆ ನೋಡುವುದುಂಟು. ಈ ಇಟ್ಟಿಗೆಗೆ ಭಾರತೀಯ ಮಾನಕ ಐಎಸ್ 1725 ಇದೆ, 2013ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಅಂದಾಜುಪಟ್ಟಿಯಲ್ಲಿ ಆ ಸಂಖ್ಯೆ ಬರೆಸಿ.

ನನ್ನ ಅಭಿಪ್ರಾಯ ಕೇಳಿದರೆ, ಶೃಂಗೇರಿ ಮತ್ತು ಕೊಪ್ಪದ ಪಶ್ಚಿಮ ಭಾಗದಲ್ಲಿ ಕಿಟಕಿಯ ಕೆಳಮಟ್ಟದವರೆಗೆ ಕಲ್ಲು ಅಥವಾ ಜಂಬಿಟ್ಟಿಗೆ, ಅಲ್ಲಿಂದ ಮೇಲೆ ಒತ್ತಿದ ಮಣ್ಣಿನ ಇಟ್ಟಿಗೆ. ಬಚ್ಚಲಿನ ಗೋಡೆ ಪೂರ್ತಿ ಕಲ್ಲಿನದೇ ಇರಲಿ. ನರಸಿಂಹರಾಜಪುರದ ಕಡೆ ಪಂಚಾಂಗದ ಮೇಲೆಯೇ ಮಣ್ಣಿನ ಇಟ್ಟಿಗೆ ಶುರುಮಾಡಬಹುದು. ಜಂಬಿಟ್ಟಿಗೆ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಒಳ್ಳೇ ಕಲ್ಲು, ಆದರೆ ಅದು ದೂರದಿಂದ ಲಾರಿಯಲ್ಲಿ ಬರುವುದಾದರೆ ಬಾಡಿಗೆಯೇ ಕಲ್ಲಿಗಿಂತ ಭಾರವಾದೀತು. ಹಳೇ ಮಣ್ಣಿನ ಗೋಡೆ ಇದ್ದವರಿಗೆ ಒಂದು ಮಾತು: ಅದಕ್ಕೆ ಸಿಮೆಂಟ್ ಗಾರೆ ಬಳಿಸಬೇಡಿ. ಒಳಗಿನ ತೇವ ಹೊರಬರಲು ದಾರಿ ಸಿಗದೆ, ಎರಡು ಮೂರು ವರ್ಷದಲ್ಲಿ ಗಾರೆ ಹಪ್ಪಳದಂತೆ ಏಳುತ್ತದೆ, ಬರುವಾಗ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಸುಣ್ಣದ ಗಾರೆ ಸಾಕು.

ಇನ್ನೂ ಒಂದು ಅಪಾಯವಿದೆ, ಅದು ಗೋಡೆಗಿಂತ ದೊಡ್ಡದು. ಗುಡ್ಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು ಆ ಧರೆಯ ಬುಡಕ್ಕೇ ಮನೆ ಕಟ್ಟುವುದು. 2019ರ ಆಗಸ್ಟ್ ಮಳೆ ನಮ್ಮ ಜಿಲ್ಲೆಗೆ ಏನು ಮಾಡಿತು ಎಂದು ಮೂಡಿಗೆರೆ ಕಡೆಯವರನ್ನು ಕೇಳಬೇಕು. ಧರೆಯಿಂದ ಮನೆ ದೂರವಿರಲಿ, ನಡುವೆ ಬಸಿಗಾಲುವೆ ಇರಲಿ. ಕಾಲುವೆಯನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಬಿಡಿಸಬೇಕು. ಅದಕ್ಕೂ ಮನೆಯಲ್ಲಿ ಜನ ಬೇಕು.

ಇನ್ನು ಮಾಡು. ಹೆಂಚನ್ನು ಬಿಟ್ಟು ಶೀಟಿಗೆ ಹೋದವರನ್ನು ನಾನು ದೂರುವುದಿಲ್ಲ, ಮಂಗಗಳ ಕಾಟ ಅನುಭವಿಸಿದವರಿಗೇ ಗೊತ್ತು. ಆದರೆ ಮನೆಯಿಂದಲೇ ಕೆಲಸ ಮಾಡುವ ಮಗ, ಮಗಳು ಇದ್ದರೆ ಎರಡು ಸಂಗತಿ ಯೋಚಿಸಿ. ಆಷಾಢದ ಮಳೆ ಬರಿಯ ಶೀಟಿನ ಮೇಲೆ ಬಿದ್ದರೆ ಎದುರು ಕೂತವರ ಮಾತೂ ಕೇಳುವುದಿಲ್ಲ. ಆನ್‌ಲೈನ್ ಮೀಟಿಂಗ್‌ನಲ್ಲಿ ಆಚೆಯವರಿಗೆ ಮಳೆ ಮಾತ್ರ ಕೇಳುತ್ತದೆ. ಎರಡನೆಯದು, ಲೋಹದ ಶೀಟು ಮೊಬೈಲ್ ಸಿಗ್ನಲ್ಲನ್ನು ತಡೆಯುತ್ತದೆ. ಅಂಗಳದಲ್ಲಿ ಎರಡು ಗೆರೆ ಸಿಗ್ನಲ್ ಇದ್ದು ಒಳಗೆ ಬಂದರೆ ಏನೂ ಇಲ್ಲದಿರುವುದು ಇದರಿಂದಲೇ. ಹೆಂಚಿನ ಮಾಡು, ಅದರ ಕೆಳಗೆ ಹಲಗೆ ಹಾಸಿ ಮಣ್ಣು ಹಾಕಿದ ಮುಚ್ಚಿಗೆ ಇದ್ದರೆ ಕೆಳಗಿನ ಕೋಣೆ ಮಳೆಯಲ್ಲೂ ಶಾಂತವಾಗಿರುತ್ತದೆ, ಬೇಸಿಗೆಯಲ್ಲಿ ತಂಪಾಗಿರುತ್ತದೆ. ಶೀಟೇ ಬೇಕಾದರೆ ಅದರಡಿ ಹಳೇ ಹೆಂಚನ್ನೋ ಮುಚ್ಚಿಗೆಯನ್ನೋ ಉಳಿಸಿಕೊಳ್ಳಿ.

ಇಂಟರ್ನೆಟ್ಟಿಗೆ ಬರೋಣ. ನಮ್ಮ ಕಡೆ ಮೊದಲು ತಾಮ್ರದ ತಂತಿಯ ಫೋನು, ಆಮೇಲೆ ತಂತಿಯಿಲ್ಲದ ಡಬ್ಲ್ಯುಎಲ್‌ಎಲ್, ಆಮೇಲೆ ಮೊಬೈಲು, ಈಗ ಫೈಬರ್. ಮನೆ ಬಾಗಿಲಿಗೆ ಫೈಬರ್ ಬರುವಂತಿದ್ದರೆ ಬೇರೆ ಯೋಚನೆ ಬೇಡ ಎನ್ನುತ್ತೇನೆ. ಗಾಜಿನ ಆ ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಅದರಲ್ಲಿ ಹೋಗುವುದು ಬೆಳಕು, ಹಾಗಾಗಿ ತಾಮ್ರದ ತಂತಿ ಮೂರ್ನಾಲ್ಕು ಕಿಲೋಮೀಟರಿಗೇ ಸುಸ್ತಾದರೆ ಇದು ಇಪ್ಪತ್ತು ಕಿಲೋಮೀಟರು ದಾಟಿಯೂ ಮನೆಗೆ ಬರುತ್ತದೆ. ಮೋಡ, ಮಂಜು ಇದಕ್ಕೆ ಲೆಕ್ಕವಿಲ್ಲ. ಲೆಕ್ಕಕ್ಕೆ ಬರುವುದು ಮರದ ಕೊಂಬೆ ಮತ್ತು ಜೆಸಿಬಿ. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂದು ಬರೆದ ಪುಟ್ಟ ದೀಪ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ, ದಾರಿಯಲ್ಲೆಲ್ಲೋ ಎಳೆ ತುಂಡಾಗಿದೆ ಅಥವಾ ಮುದುಡಿದೆ ಎಂದು ಅರ್ಥ.

ಆಗ ಯಾರು ಬರುತ್ತಾರೆ? ಸಂಪರ್ಕ ತೆಗೆದುಕೊಳ್ಳುವ ಮೊದಲೇ ಈ ಪ್ರಶ್ನೆ ಕೇಳಬೇಕು. ಎಷ್ಟು ವೇಗ, ತಿಂಗಳಿಗೆ ಎಷ್ಟು ರೂಪಾಯಿ ಎಂಬುದನ್ನು ಎಲ್ಲರೂ ಕೇಳುತ್ತಾರೆ. ತುಂಡಾದ ಗಾಜನ್ನು ಕರಗಿಸಿ ಕೂಡಿಸುವ ಸ್ಪ್ಲೈಸಿಂಗ್ ಯಂತ್ರ ಕೊಪ್ಪದಲ್ಲೇ ಇದೆಯೋ, ಶಿವಮೊಗ್ಗದಿಂದ ಬರಬೇಕೋ ಕೇಳಿ. ಕೆಲಸದ ಹುಡುಗ ನಮ್ಮ ಊರಿನವನೋ ಕೇಳಿ. ಈಗಾಗಲೇ ಸಂಪರ್ಕ ಇರುವ ನೆರೆಮನೆಯವರನ್ನು ಜನವರಿಯಲ್ಲಿ ವಿಚಾರಿಸಿದರೆ ಎಲ್ಲವೂ ಚೆನ್ನಾಗಿದೆ ಎನ್ನುತ್ತಾರೆ. ಜುಲೈಯಲ್ಲಿ ಎಷ್ಟು ದಿನ ಬಂದ್ ಆಗಿತ್ತು ಎಂದು ನೆನಪಿಸಿ ಕೇಳಿ. ಬಿಎಸ್‌ಎನ್‌ಎಲ್ ಆಗಲಿ ಖಾಸಗಿಯವರಾಗಲಿ, ಕೊನೆಯ ಮೈಲಿಯನ್ನು ನೋಡಿಕೊಳ್ಳುವುದು ಹೆಚ್ಚಾಗಿ ಸ್ಥಳೀಯ ಕೇಬಲ್ಲಿನವರೇ. ಒಂದು ಕಂಪನಿಯ ಹೆಸರಿಗಿಂತ ಆ ಮನುಷ್ಯ ಮುಖ್ಯ.

ಗೋಡೆಗೂ ಇದೇ ಪ್ರಶ್ನೆ. ಹೊರಗಿನ ತಜ್ಞರು ಬಂದು ಸೊಗಸಾದ ಮಣ್ಣಿನ ಗೋಡೆ ಎಬ್ಬಿಸಿ ಹೋಗುತ್ತಾರೆ, ಆದರೆ ಐದನೇ ವರ್ಷ ಅದರ ಮೂಲೆ ಬಿಟ್ಟರೆ ನಮ್ಮೂರ ಗಾರೆಯವರಿಗೆ ಅದನ್ನು ತಿದ್ದಲು ಬರಬೇಕು. ಕಟ್ಟುವಾಗಲೇ ಊರಿನ ಇಬ್ಬರು ಗಾರೆಯವರನ್ನು ಅವರ ಜೊತೆ ಕೆಲಸಕ್ಕೆ ಹಚ್ಚಿ, ಅವರ ಕೂಲಿ ನಿಮ್ಮದೇ ಖರ್ಚಾಗಿರಲಿ. ಕೆಲಸಗಾರರಷ್ಟೇ ಅಲ್ಲ, ಯಂತ್ರವೂ ಊರಿಗೆ ಹೊಂದಬೇಕು. ಹಳ್ಳಿಗೆ ಒಗ್ಗುವ ಯಂತ್ರ ಹೇಗಿರಬೇಕು ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆ ಇದೆ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು 128 ಲೈನುಗಳ ಪುಟ್ಟ ದೂರವಾಣಿ ವಿನಿಮಯ ಕೇಂದ್ರ ತಯಾರಿಸಿತು. ಮೊದಲನೆಯದನ್ನು 1986ರಲ್ಲಿ ಸ್ಥಾಪಿಸಿದ್ದು ನಮ್ಮ ಕಿತ್ತೂರಿನಲ್ಲಿ. ಅದಕ್ಕೆ ಹವಾನಿಯಂತ್ರಿತ ಕೋಣೆ ಬೇಕಿರಲಿಲ್ಲ, ಧೂಳು, ಸೆಕೆ ಎಲ್ಲ ತಡೆದುಕೊಂಡು ಕೆಲಸ ಮಾಡುತ್ತಿತ್ತು. ದೆಹಲಿಯಲ್ಲಿ ನಡೆಯುವ ಯಂತ್ರವನ್ನು ಹಳ್ಳಿಗೆ ಹೊತ್ತು ತರುವ ಬದಲು ಹಳ್ಳಿಯ ಸ್ಥಿತಿ ನೋಡಿ ಯಂತ್ರ ಮಾಡಿದರು. ಅಸ್ತ್ರದವರು ಮಣ್ಣಿನಲ್ಲಿ ಮಾಡಿದ್ದೂ ಅದನ್ನೇ.

ಫೈಬರ್ ಬರದ ಒಂಟಿ ಮನೆಗಳು ನಮ್ಮಲ್ಲಿ ಬಹಳ. ಮನೆಯ ಮಾಡಿನಿಂದ ಮೊಬೈಲ್ ಟವರ್ ಇರುವ ಗುಡ್ಡ ಕಾಣುವುದಾದರೆ, ಹೊರಗೆ ಆಂಟೆನಾ ಜೋಡಿಸುವ 4ಜಿ ರೂಟರ್ ತಕ್ಕಮಟ್ಟಿಗೆ ನಡೆಯುತ್ತದೆ. ಅದರ ತೊಡಕೆಂದರೆ ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಇಡೀ ಊರು ಕತ್ತಲು. ಗುಡ್ಡದ ಮೇಲಿನ ಮನೆಗೆ ಸಂಪರ್ಕವಿದ್ದರೆ ಅಲ್ಲಿಂದ ಕಣಿವೆಯ ಮನೆಗೆ ಎದುರುಬದುರು ಎರಡು ಡಿಶ್ ಇಟ್ಟು ರೇಡಿಯೋ ಅಲೆಯಲ್ಲಿ ತರಬಹುದು. ನಡುವೆ ಅಡಿಕೆ ಮರದ ತಲೆ ಬಂದರೆ, ಅದೂ ಮಳೆಯಲ್ಲಿ ನೆನೆದರೆ, ಅಲೆ ಅಲ್ಲೇ ಉಳಿಯುತ್ತದೆ. ಊರ ಅಂಗಡಿಯವರೋ ಸಹಕಾರ ಸಂಘದವರೋ ವೈ-ಫೈ ಕೊಡಲು 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯಲ್ಲಿ ಅವಕಾಶವಿದೆ, ಲೈಸೆನ್ಸ್ ಶುಲ್ಕವಿಲ್ಲ. ಇನ್ನು ಉಪಗ್ರಹ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಕೇಂದ್ರದ ಪರವಾನಗಿ ಸಿಕ್ಕಿತು. ಹಳೇ ಬಗೆಯ ಉಪಗ್ರಹ 36,000 ಕಿಲೋಮೀಟರ್ ಎತ್ತರದಲ್ಲಿದ್ದರೆ ಇವು ಸುಮಾರು 550 ಕಿಲೋಮೀಟರಿನಲ್ಲಿ ಸುತ್ತುತ್ತವೆ, ಹಾಗಾಗಿ ಮಾತು ತಡವಾಗುವುದಿಲ್ಲ. ಆದರೆ ಅದಕ್ಕೆ ಬೋಳು ಆಕಾಶ ಬೇಕು. ನಮ್ಮ ಮನೆಗಳಲ್ಲಿ ಅಂಥ ಜಾಗ ಒಂದೇ, ಅಡಿಕೆ ಒಣಗಿಸುವ ಅಂಗಳ. ಜಡಿಮಳೆಯಲ್ಲಿ ಆ ಸಿಗ್ನಲ್ಲೂ ಕುಗ್ಗುತ್ತದೆ. ಬೇರೆ ಯಾವ ದಾರಿಯೂ ಇಲ್ಲದ ಮನೆಗೆ ಅದು ದೊಡ್ಡ ಆಸರೆಯಾದೀತು.

ಏಪ್ರಿಲ್, ಮೇ ತಿಂಗಳ ಸಿಡಿಲು ಎಲ್ಲಕ್ಕೂ ಶತ್ರು. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದರೆ ಕಂಬದಿಂದ ಮನೆಗೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ಆಸರೆಗೆಂದು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಗುಡುಗು ಶುರುವಾದರೆ ರೂಟರಿನ ಪ್ಲಗ್ ತೆಗೆಯಿರಿ. ಕರೆಂಟು ಇಲ್ಲದ ಹೊತ್ತಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಸಾಕು, ರೂಟರ್ ತಿನ್ನುವುದು ಹತ್ತು, ಹದಿನೈದು ವ್ಯಾಟು ಅಷ್ಟೆ. ಸೋಲಾರ್ ಬ್ಯಾಟರಿಗೆ ನೇರ ಜೋಡಿಸುವವರಿದ್ದಾರೆ. ಬಿಸಿಲಲ್ಲಿ ಚಾರ್ಜ್ ಆಗುವಾಗ ಆ ಬ್ಯಾಟರಿ 14 ವೋಲ್ಟ್ ದಾಟುತ್ತದೆ, ರೂಟರ್ ಸುಟ್ಟೀತು. ನಡುವೆ ರೆಗ್ಯುಲೇಟರ್ ಹಾಕಿಸಿ.

ಮಣ್ಣಿನ ಮನೆಗೂ ಇಂಟರ್ನೆಟ್ಟಿಗೂ ಒಂದೇ ಒಂದು ಜಗಳ ಇದೆ. ಒಂದೂವರೆ ಅಡಿ ದಪ್ಪದ ಗೋಡೆಯನ್ನು, ಅದೂ ಮಳೆಗಾಲದ ತೇವ ಕುಡಿದ ಗೋಡೆಯನ್ನು ದಾಟಿ ವೈ-ಫೈ ಪಕ್ಕದ ಕೋಣೆಗೆ ಸರಿಯಾಗಿ ಹೋಗುವುದಿಲ್ಲ. ದುಬಾರಿ ರೂಟರ್ ತಂದರೂ ಅಷ್ಟೆ. ಪರಿಹಾರ ಸುಲಭ, ಆದರೆ ಕಟ್ಟುವಾಗಲೇ ಮಾಡಬೇಕು. ಜಗಲಿಯಿಂದ ಓದುವ ಕೋಣೆಗೆ, ಅಲ್ಲಿಂದ ಉಪ್ಪರಿಗೆಗೆ ಗೋಡೆಯೊಳಗೆ ಒಂದೊಂದು ಪಿವಿಸಿ ಕೊಳವೆ ಹಾಕಿ. ಅದರಲ್ಲಿ ನೆಟ್‌ವರ್ಕ್ ಕೇಬಲ್ ಎಳೆದು ಬೇಕಾದ ಕೋಣೆಯಲ್ಲಿ ಇನ್ನೊಂದು ಪುಟ್ಟ ವೈ-ಫೈ ಪೆಟ್ಟಿಗೆ ಇಟ್ಟರೆ ಮುಗಿಯಿತು. ಕಟ್ಟಿ ಆದ ಮೇಲೆ ಮಣ್ಣಿನ ಗೋಡೆಯನ್ನು ಉಳಿಯಲ್ಲಿ ಕೆತ್ತಿ ಕೊಳವೆ ಹೂಳಲು ಹೋದರೆ ಗೋಡೆ ಬಲ ಕಳೆದುಕೊಳ್ಳುತ್ತದೆ. ಹೊರಗಿನಿಂದ ಫೈಬರ್ ತರುವ ಕೊಳವೆಯ ತಿರುವು ಚೂಪಾಗಿರಬಾರದು, ಮುದುಡಿದ ಗಾಜು ಬೆಳಕನ್ನು ಸೋರಲು ಬಿಡುತ್ತದೆ. ಹೊರಗಿನ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ಕೇಬಲ್ ಹಿಡಿದುಕೊಂಡೇ ಮಳೆನೀರು ಗೋಡೆಯೊಳಗೆ ಇಳಿಯುತ್ತದೆ. ಆ ಬಾಯಿಗೆ ಬಲೆ ಕಟ್ಟಿ, ಇಲಿಗೆ ಕೇಬಲ್ ಎಂದರೆ ಬಹಳ ಪ್ರೀತಿ.

ಕೊನೆಯದಾಗಿ ಪಂಚಾಯಿತಿಗೆ ಸಂಬಂಧಿಸಿದ ಒಂದು ಮಾತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು, ಆಮೇಲೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. 2023ರ ಆಗಸ್ಟಿನಲ್ಲಿ ಅದರ ಪರಿಷ್ಕೃತ ರೂಪಕ್ಕೆ 1,39,579 ಕೋಟಿ ರೂಪಾಯಿಯ ಮಂಜೂರಾತಿ ಆಗಿದೆ. ಫೈಬರ್ ಪಂಚಾಯಿತಿ ಕಚೇರಿಯವರೆಗೆ ಬಂದರೂ ಅಲ್ಲಿಂದ ತೋಟದ ನಡುವಿನ ಮನೆಗೆ ಇರುವ ನಾಲ್ಕು ಕಿಲೋಮೀಟರೇ ನಮಗೆ ಕಷ್ಟ. ಕಂಬದ ಮೇಲೆ ಎಳೆದರೆ ಪ್ರತಿ ಗಾಳಿಮಳೆಗೂ ಕೊಂಬೆ ಬೀಳುತ್ತದೆ. ನೆಲದಡಿ ಹಾಕೋಣವೆಂದರೆ ಕೇಬಲ್ಲಿಗಿಂತ ಅಗೆತದ ಖರ್ಚೇ ಹೆಚ್ಚು. ಆದರೆ 2019ರಿಂದ ಜಲ ಜೀವನ್ ಮಿಷನ್ನಿನಲ್ಲಿ ಮನೆಮನೆಗೆ ನಲ್ಲಿ ಕೊಡಲು ಹಳ್ಳಿಯ ರಸ್ತೆಗಳನ್ನು ಅಗೆದೇ ಅಗೆದರು. ನೀರಿನ ಕೊಳವೆಯ ಪಕ್ಕ, ಅದೇ ಅಗೆತದಲ್ಲಿ, ಇನ್ನೊಂದು ಖಾಲಿ ಕೊಳವೆ ಮಲಗಿಸಿದ್ದರೆ ಫೈಬರಿಗೆ ದಾರಿ ಸಿದ್ಧವಾಗಿರುತ್ತಿತ್ತು. ಅಗೆತ ಇನ್ನೂ ನಿಂತಿಲ್ಲ. ರಸ್ತೆ ಅಗಲ ಮಾಡುವುದಿದೆ, ಹಳೇ ಕೊಳವೆ ಬದಲಿಸುವುದಿದೆ, ಹೊಸ ಚರಂಡಿ ಬರುವುದಿದೆ. ಮುಂದಿನ ಗ್ರಾಮಸಭೆಯಲ್ಲಿ ಅಂಥ ಕಾಮಗಾರಿ ಪಟ್ಟಿಗೆ ಬಂದ ಕೂಡಲೇ ಎದ್ದು ನಿಂತು, ಅಗೆದದ್ದನ್ನು ಮುಚ್ಚುವ ಮೊದಲು ಒಂದು ಖಾಲಿ ಕೊಳವೆ ಹಾಕಬೇಕೆಂದು ಕೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ ಬನ್ನಿ.